ಬಾದಾಮಿಯ ಬೆಟ್ಟದಾರಿಯಲ್ಲಿ ಮೂವತ್ತೊಂದು ಮಂದಿ

ಬಾದಾಮಿಯನ್ನು ಕಂಡವರು ಬಹಳ ಮಂದಿ; ಬಾದಾಮಿಯಲ್ಲಿ ನೀರು ಬೀಳುವುದನ್ನು ಕಂಡವರು ಕಡಿಮೆ. ಗುಹಾಲಯಗಳು ವರ್ಷದ ಎಲ್ಲ ದಿನವೂ ಇದ್ದಲ್ಲಿಯೇ ಇರುತ್ತವೆ. ಅಗಸ್ತ್ಯತೀರ್ಥದ ಮೇಲಿನ ಕೆಂಬಂಡೆಗಳಿಂದ ಇಳಿಯುವ ಅಕ್ಕ-ತಂಗಿಯರೆಂಬ ಜೋಡಿ ಜಲಧಾರೆಗಳಾದರೋ ದೊಡ್ಡ ಮಳೆಯ ಬೆನ್ನಿಗೆ ಮೈದೋರಿ, ಮಳೆ ಹಿಂದೆಗೆದ ಕೆಲವು ದಿನಗಳಲ್ಲಿಯೇ ಬಂಡೆಯ ಮೇಲೆ ಕಪ್ಪು ಗೆರೆಗಳನ್ನಷ್ಟೇ ಉಳಿಸಿ ಮರೆಯಾಗಿಬಿಡುತ್ತವೆ. ಆದಕಾರಣ ಅವುಗಳನ್ನು ನೋಡಬೇಕೆಂಬವರು ತಮ್ಮ ಬಿಡುವನ್ನು ನೆಚ್ಚಿ ಹೊರಡುವಂತಿಲ್ಲ. ಮಳೆಯ ಬಿಡುವನ್ನು ಕಾದು ಹೊರಡಬೇಕು. 2025ರ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ ನಾವು ಹೊರಟದ್ದು ಹಾಗೆಯೇ. ಉತ್ತರಿ ಮಳೆ ಮೂರು ರಾತ್ರಿ ಎಡೆಬಿಡದೆ ಸುರಿದಿತ್ತು. ಶಾಲೆಗಳಿಗೆ ದಸರೆಯ ರಜೆಯೂ ಇತ್ತು.

ಹೊರಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದೇ ತಿಂಗಳ 7ರಂದು ಪರಮಪೂಜ್ಯ ಹದಿನಾಲ್ಕನೆಯ ಲಿಯೋ ಪೋಪರು ಇಟಲಿಯ ಪಿಯರ್ ಜಾರ್ಜಿಯೋ ಫ್ರಾಸ್ಸಾತಿಯವರನ್ನು ಸಂತರ ಸಾಲಿಗೆ ಸೇರಿಸಿದರು. ತುರಿನ್ ಪಟ್ಟಣದ ಪತ್ರಿಕೆಯೊಂದರ ಒಡೆಯರ ಮಗನಾಗಿ 1901ರಲ್ಲಿ ಹುಟ್ಟಿದ ಈ ತರುಣರು ಗಣಿಗಳ ಎಂಜಿನಿಯರಿಂಗ್ ವಿದ್ಯೆಯನ್ನು ಆರಿಸಿಕೊಂಡದ್ದು ಗಣಿ ಕೂಲಿಗಾರರ ನಡುವೆ ಬಾಳಬೇಕೆಂಬ ಹಂಬಲದಿಂದ. ತಮ್ಮ ಕೈಯಲ್ಲಿದ್ದುದನ್ನು ಬಡವರ ಮನೆಗಳಿಗೆ ಗುಟ್ಟಾಗಿ ಮುಟ್ಟಿಸುತ್ತಿದ್ದರು. ಬಿಡುವಾದಾಗ ಗೆಳೆಯರ ಗುಂಪು ಕಟ್ಟಿಕೊಂಡು ಆಲ್ಪ್ಸ್ ಪರ್ವತದ ಕಣಿವೆಗಳನ್ನು ಏರಿಳಿಯುತ್ತಿದ್ದರು. 1925ರ ಜುಲೈ 4ರಂದು ಪೋಲಿಯೋ ಬೇನೆಯಿಂದ ತೀರಿಕೊಂಡಾಗ ಅವರಿಗೆ 24 ವರ್ಷ. ಇವರ ಚರಿತ್ರೆಯನ್ನು ಒಂದು ಭಾನುವಾರದ ಪ್ರಬೋಧನೆಯಲ್ಲಿ ನಾವು ಹೇಳಿದ್ದೇ ತಡ, ಬಲಿಪೂಜೆ ಮುಗಿದ ಬಳಿಕ ಯುವಕರು ನಮ್ಮನ್ನು ಸುತ್ತುವರಿದರು. "ಫಾದರ್, ಆಲ್ಪ್ಸ್ ಇಲ್ಲದಿದ್ರ ಏನಾತ್ರಿ, ನಮಗ ಬಾದಾಮಿ ಗುಡ್ಡ ಐತೆಲ್ರಿ!" ಈ ವಾದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ.

ಹಿರಿಯರಲ್ಲಿ ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲವೆಂಬುದನ್ನೂ ಹೇಳಬೇಕು. ಸಂತರ ಗೌರವಾರ್ಥ ನವೇನ ಮಾಡುವುದನ್ನು ಬಿಟ್ಟು ಗುಡ್ಡ ಹತ್ತುವುದೇ ಎಂದು ಒಬ್ಬರು ಕೇಳಿದರು. ದೇವಸ್ಥಾನಗಳ ಊರಿಗೆ ನಮ್ಮ ಮಕ್ಕಳನ್ನು ಕರೆದೊಯ್ಯುವ ಅಗತ್ಯವೇನಿದೆ ಎಂದು ಮತ್ತೊಬ್ಬರು. ಮೊದಲನೆಯವರಿಗೆ, ನವೇನವನ್ನೂ ಮಾಡೋಣ, ನಡೆದೂ ಬರೋಣ ಎಂದೆವು. ಎರಡನೆಯವರಿಗೆ, ನಾವು ಈ ನಾಡಿನ ಅತಿಥಿಗಳಲ್ಲ, ಮನೆಯವರು. ಮನೆಯವರಿಗೆ ಮನೆಯ ಅಂಗಳ ಗೊತ್ತಿರಬೇಕು ಎಂದೆವು. ಅವರು ಒಪ್ಪಿದರೆಂದು ನಮಗೆ ತೋರಲಿಲ್ಲ. ಆದರೂ ತಮ್ಮ ಇಬ್ಬರು ಮೊಮ್ಮಕ್ಕಳನ್ನು ಕಳುಹಿಸಿಕೊಟ್ಟರು.

ಬಾಗಲಕೋಟೆ, ಹುನಗುಂದ, ಇಳಕಲ್ಲು, ಬಾದಾಮಿ ಈ ನಾಲ್ಕು ಊರುಗಳಿಂದ ಒಟ್ಟು 31 ಮಂದಿ ಸೇರಿದೆವು. ಕರಾವಳಿಯ ಸೀಮೆಯವರಿಗೆ ಈ ಸಂಖ್ಯೆ ನಗೆ ತರಿಸೀತು; ಅಲ್ಲಿ ಒಂದು ವಾಡೆಯ ಪ್ರಾರ್ಥನಾಕೂಟಕ್ಕೇ ಇಷ್ಟು ಜನ ಬರುತ್ತಾರೆ. ಇಲ್ಲಿ ನಾವು ಚದುರಿದ ಹಿಂಡು. ಶಾಲೆಯ ಶಿಕ್ಷಕಿಯರು, ಆಸ್ಪತ್ರೆಯ ದಾದಿಯರು, ಇಬ್ಬರು ಸಿಸ್ಟರು, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಮೂವರು, ಮುದಗಲ್ಲಿನ ಹಳೆಯ ಕ್ರೈಸ್ತ ಮನೆತನದಿಂದ ಇಲ್ಲಿಗೆ ಸೊಸೆಯಾಗಿ ಬಂದ ತಾಯಿಯೊಬ್ಬರು, ಮಿಕ್ಕಂತೆ ಹುಡುಗ ಹುಡುಗಿಯರು. ಎಲ್ಲರಿಗೂ ಹಿರಿಯರಾಗಿ ಬಾಗಲಕೋಟೆಯ ಕಾಕಾ. ಅವರಿಗೀಗ 74 ವರ್ಷ. ಮುದ್ರಣಾಲಯದಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತ ಯೌವನ ಕಳೆದವರು. ಕಂಪ್ಯೂಟರು ಬಂದು ಆ ಕಸುಬು ಹೋಯಿತು. ಹಿನ್ನೀರು ಬಂದು ಹಳೆಯ ಊರಿನ ಮನೆ ಹೋಯಿತು. ಈಗ ನವನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ಓಣಿಗೆ ಒಂದು ಹೆಸರಿತ್ತು. ಈಗಿನ ವಿಳಾಸ ಒಂದು ಸೆಕ್ಟರಿನ ಅಂಕಿ.

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವಾಗ ಗಾಡಿಯಲ್ಲಿ ನಡೆದ ಮಾತೆಲ್ಲ ಮುಳುಗಡೆಯದೇ. ಆ ತಿಂಗಳ 16ರಂದು ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತಕ್ಕಾಗಿ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಮಾನಿಸಿತ್ತು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್, 2010ರ ನ್ಯಾಯಾಧಿಕರಣದ ತೀರ್ಪು ಅದನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದೆ. ಕೇಳುವವರಿಗೆ ನಾಲ್ಕೂವರೆ ಮೀಟರೆಂದರೆ ಒಂದು ಅಟ್ಟದ ಎತ್ತರ. ಬಯಲುಸೀಮೆಯಲ್ಲಿ ಅದು ಎಷ್ಟು ದೂರ ಹಬ್ಬುವ ನೀರೆಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಯಾರ ಹೊಲ ಗೆರೆಯ ಒಳಗೆ, ಯಾರದು ಹೊರಗೆ, ದುಡ್ಡು ಬಂದರೆ ಎಲ್ಲಿ ಜಾಗ ಕೊಳ್ಳುವುದು ಎಂದು ಮಾತು ಬಿರುಸಾಗಿತ್ತು. ಕಾಕಾ ಕಿಟಕಿಯ ಬದಿಗೆ ಕುಳಿತು ಹೊರಗೆ ನೋಡುತ್ತಿದ್ದರು. ಅವರು ಮಾತಾಡದೆ ಇದ್ದುದನ್ನು ನಾವು ಗಮನಿಸಲಿಲ್ಲ. ಆ ದಿನದ ನಮ್ಮ ಪ್ರಬೋಧನೆಯನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದೆವು.

ಬೆಳಗಿನ 8 ಗಂಟೆಗೆ ಅಗಸ್ತ್ಯತೀರ್ಥದ ದಂಡೆ ಸೇರಿದೆವು. ಕೆರೆ ತುಂಬಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲುಗಳ ಮೇಲೆ ಹೆಂಗಸರು ಎಂದಿನಂತೆ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಸಪ್ಪಳ ಎದುರಿನ ಬಂಡೆಗೆ ತಗುಲಿ ಮರಳಿ ಬರುತ್ತಿತ್ತು. ಆ ಸಪ್ಪಳದ ಹಿಂದೆ ಇನ್ನೊಂದು ಭೋರ್ಗರೆತ ಮೊದಲು ಕಿವಿಗೆ ಬಿದ್ದು ಆಮೇಲೆ ಕಣ್ಣಿಗೆ ಬಿತ್ತು. ಭೂತನಾಥನ ಗುಡಿಯ ಕಡೆಗೆ ಸಾಗುತ್ತಿದ್ದಂತೆ, ಕೆಂಪು ಗೋಡೆಯಂತೆ ನಿಂತ ಬಂಡೆಗಳ ನೆತ್ತಿಯಿಂದ ಎರಡು ಬಿಳಿಯ ಧಾರೆಗಳು ಅಕ್ಕಪಕ್ಕದಲ್ಲಿ ಇಳಿಯುತ್ತಿದ್ದವು. ಹುಡುಗರು ಕೇಕೆ ಹಾಕಿ ಓಡಿದರು. ಅಕ್ಕ ಯಾರು, ತಂಗಿ ಯಾರು ಎಂಬ ಚರ್ಚೆ ಎದ್ದಿತು. ದಪ್ಪಗಿರುವುದೇ ಅಕ್ಕನೆಂದು ಹುಡುಗರು. ಹಾಗೇನಿಲ್ಲ, ಮೊದಲು ನೆಲ ಮುಟ್ಟುವವಳು ಅಕ್ಕನೆಂದು ಹುಡುಗಿಯರು. ಸಿಸ್ಟರೊಬ್ಬರು, ನಮ್ಮ ಕಾನ್ವೆಂಟಿನಲ್ಲಿಯೂ ಈ ಪ್ರಶ್ನೆ ಇತ್ಯರ್ಥವಾಗಿಲ್ಲವೆಂದು ನಕ್ಕರು.

ಬಾದಾಮಿಯ ಇತಿಹಾಸವನ್ನು ಇಲ್ಲಿ ಬರೆಯಹೊರಟರೆ ಈ ಅಂಕಣ ಸಾಲದು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟದ ಮೇಲೆ ಕೋಟೆ ಕಟ್ಟಿದುದನ್ನು ಹೇಳುವ ಶಾಸನ ಬಂಡೆಯ ಮೇಲೆ ಇಂದಿಗೂ ಇದೆ. 578ರಲ್ಲಿ ಮಂಗಲೇಶನು ಬರೆಸಿದ ಮೂರನೆಯ ಗುಹೆಯ ಶಾಸನವಿದೆ. ನಮ್ಮ ಶಿಕ್ಷಕಿಯೊಬ್ಬರು ಮಕ್ಕಳಿಗೆ ತೋರಿಸಬೇಕೆಂದು ಹಂಬಲಿಸಿದುದು ಇವೆರಡನ್ನೂ ಅಲ್ಲ, ಕೆರೆಯ ಬದಿಯ ಬಂಡೆಯಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವನ್ನು. ಸುಮಾರು ಕ್ರಿ.ಶ. 700ರ ಈ ಬರಹದಲ್ಲಿ ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಮಾದರಿ ದೊರೆಯುತ್ತದೆಂದು ಅವರು ವಿವರಿಸುತ್ತಿದ್ದರೆ ಮಕ್ಕಳ ಕಣ್ಣು ಜಲಧಾರೆಯ ಮೇಲೆಯೇ ಇತ್ತು. ಮೈಯೆಲ್ಲ ಕಿವಿಯಾಗಿ ಕೇಳಿದವರು ಕಾಕಾ ಒಬ್ಬರೇ. ಅಕ್ಷರ ಜೋಡಿಸಿದ ಕೈ ಅವರದು. ಕಲ್ಲಿನಲ್ಲಿ ಅಕ್ಷರ ಕೂರಿಸಿದವನು ತಪ್ಪಾದರೆ ಏನು ಮಾಡುತ್ತಿದ್ದನೋ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನಾವೂ ಉತ್ತರ ಕಾಣೆವು.

ಯೋಜನೆ ಹೀಗಿತ್ತು: ಧಾರೆಯ ಬಳಿ ಅರ್ಧ ತಾಸು ನಿಂತು ಗುಡ್ಡ ಏರುವುದು; ಮೇಲಿನ ಬಯಲಿನಲ್ಲಿ ನಡೆದು, ಮಹಾಕೂಟಕ್ಕೆ ಇಳಿಯುವ ಹಳೆಯ ಕಾಲುದಾರಿ ಹಿಡಿಯುವುದು. ಸುಮಾರು 5 ಕಿಲೋಮೀಟರಿನ ನಡಿಗೆ. ಗಾಡಿಗಳು ರಸ್ತೆಯಲ್ಲಿ ಸುತ್ತಿ ಬಂದು ಅಲ್ಲಿ ಕಾಯಬೇಕು. ಆದಿಮಾನವರು ಬಣ್ಣದಲ್ಲಿ ಚಿತ್ರ ಬರೆದ ಸಿಡ್ಲಫಡಿಯ ಕಲ್ಲಾಸರೆಯನ್ನೂ ನೋಡಬೇಕೆಂಬ ಆಸೆ ಇತ್ತು. ಅದು ಕೈಗೂಡಲಿಲ್ಲ, ಕಾರಣವನ್ನು ಮುಂದೆ ಹೇಳುತ್ತೇವೆ. ಹಿಂದೆ ಬೀಳುವವರನ್ನು ನೋಡಿಕೊಳ್ಳಲು ಮುದಗಲ್ಲಿನ ತಾಯಿಯನ್ನು ನೇಮಿಸಿದೆವು. ಅವರು ಉಟ್ಟದ್ದು ಇಳಕಲ್ಲ ಸೀರೆ. ಅದರ ಕೆಂಪು ಸೆರಗು ಹಸಿರು ಕುರುಚಲಿನ ನಡುವೆ ದೂರದಿಂದಲೇ ಕಾಣುತ್ತಿತ್ತು. ಆ ಸೆರಗು ಕಂಡರೆ ಎಲ್ಲರೂ ಬಂದಂತೆ ಎಂದು ನಾವೇ ನಿಯಮ ಮಾಡಿದೆವು.

ಏರುದಾರಿಯಲ್ಲಿ ಮೊದಲು ಜಾರಿಬಿದ್ದವರೂ ನಾವೇ. ಮಳೆನೀರು ಹರಿದ ಬಂಡೆಯ ಮೇಲೆ ಪಾಚಿ ಕಟ್ಟಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತು ಮೊಣಕಾಲು ತರಚಿತು. ಇಳಕಲ್ಲಿನ ತಮ್ಮನೊಬ್ಬ ಕೈಹಿಡಿದು ಎಬ್ಬಿಸಿ, "ಫಾದರ್, ಕರ್ರಗಿದ್ದಲ್ಲಿ ಕಾಲು ಇಡಬ್ಯಾಡ್ರಿ, ಕೆಂಪಗಿದ್ದಲ್ಲಿ ಇಡ್ರಿ" ಎಂದು ಕಲಿಸಿದ. ಹನ್ನೊಂದು ವರ್ಷ ಸೆಮಿನರಿಯಲ್ಲಿ ಓದಿದವರಿಗೆ ಈ ಎರಡು ವಾಕ್ಯ ಗೊತ್ತಿರಲಿಲ್ಲ. ಅವನು ಬಂಡೆಯನ್ನು ಉಗುರಿನಿಂದ ಕೆರೆದು ನೋಡಿ, ನಮ್ಮ ಕಲ್ಲಿನ ಮುಂದೆ ಇದು ಬೆಲ್ಲವಿದ್ದಂತೆ ಎಂದ. ಅವನ ಮಾತು ಸರಿಯೇ. ಇಳಕಲ್ಲಿನ ಕೆಂಪು ಗ್ರಾನೈಟು ಭೂಗರ್ಭದ ಬೆಂಕಿಯಲ್ಲಿ ಕರಗಿ ಹೆಪ್ಪುಗಟ್ಟಿದ ಶಿಲೆ, ಬಾದಾಮಿಯದು ಮರಳುಗಲ್ಲು. ಗುಹಾಲಯಗಳನ್ನು ಇಲ್ಲಿ ಕೊರೆದುದಕ್ಕೆ ಚಾಲುಕ್ಯರ ಭಕ್ತಿಯ ಜೊತೆಗೆ ಕಲ್ಲಿನ ಈ ಮೆತ್ತನೆಯ ಗುಣವೂ ಕಾರಣ.

ಮೇಲಿನ ಬಯಲು ತಲುಪಿದಾಗ ಮೋಡ ಸರಿದು ಎಳೆಬಿಸಿಲು ಬಿದ್ದಿತು. ಕೆಳಗೆ ಕೆರೆ, ಅದರಾಚೆ ಊರು, ಇನ್ನೂ ಆಚೆ ಮಲಪ್ರಭೆಯ ಬಯಲಿನಲ್ಲಿ ಹಸಿರು ಹೊಲಗಳು. ಮೇಲೆ ಬಂಡೆಯ ಗುಳಿಗಳಲ್ಲೆಲ್ಲ ಮಳೆನೀರು ನಿಂತು ಆಕಾಶವನ್ನು ಹಿಡಿದಿತ್ತು. ಸೀತಾಫಲದ ಗಿಡಗಳು ಕಾಯಿ ಬಿಟ್ಟಿದ್ದವು. ಕಾಲಿಗೆ ತಗುಲಿದ ಹುಲ್ಲು ನಿಂಬೆಯ ವಾಸನೆ ಬೀರುತ್ತಿತ್ತು. ಇಂತಹ ಎಡೆಯಲ್ಲಿ ನಿಂತಾಗ ತತ್ತ್ವಶಾಸ್ತ್ರ ಓದಿದವರಿಗೆ ಇಟಲಿಯ ಕವಿ ಪೆತ್ರಾರ್ಕನ ನೆನಪಾಗದೆ ಇರದು. 1336ರಲ್ಲಿ ಅವನು ಫ್ರಾನ್ಸಿನ ವಾಂತೂ ಎಂಬ ಬೆಟ್ಟವನ್ನು ಏರಿದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ನೆತ್ತಿಯ ಮೇಲೆ ನಿಂತು ಜೇಬಿನಲ್ಲಿದ್ದ ಸಂತ ಅಗಸ್ಟೀನರ ಪುಸ್ತಕವನ್ನು ತೆರೆದನಂತೆ. ಕಣ್ಣಿಗೆ ಬಿದ್ದ ಪುಟದಲ್ಲಿ, ಜನರು ಬೆಟ್ಟಗಳನ್ನೂ ಅಲೆಗಳನ್ನೂ ಬೆರಗಿನಿಂದ ನೋಡಹೋಗುತ್ತಾರೆ, ತಮ್ಮನ್ನು ಮಾತ್ರ ನೋಡಿಕೊಳ್ಳರೆಂಬ ಅರ್ಥದ ಮಾತಿತ್ತು. ಇಳಿಯುವಾಗ ಅವನು ಬಾಯಿ ತೆರೆಯಲಿಲ್ಲ. ಅಗಸ್ತ್ಯತೀರ್ಥದ ಮೇಲೆ ನಿಂತು ಅಗಸ್ಟೀನರನ್ನು ನೆನೆಯುವ ಯೋಗ ನಮ್ಮದಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆವು. ಆದರೆ ಪೆತ್ರಾರ್ಕನಂತೆ ಬಾಯಿ ಮುಚ್ಚಿಕೊಳ್ಳಲಿಲ್ಲ.

ನಮ್ಮ ಕಾಲಡಿಯ ಬಂಡೆಯ ಮೇಲೆ ಸಾಲುಸಾಲಾಗಿ ಅಲೆಯ ಗುರುತುಗಳಿದ್ದವು. ಕೆರೆಯಂಚಿನ ಕೆಸರಿನಲ್ಲಿ ತೆರೆಗಳು ಮೂಡಿಸುವ ಗೆರೆಗಳನ್ನು ಹೋಲುವ ಗುರುತುಗಳು ಅವು. ಕಲ್ಲಾಗಿ ಕೋಟ್ಯಂತರ ವರ್ಷಗಳಾಗಿವೆ. ಹುಡುಗರನ್ನು ಸುತ್ತ ಕೂರಿಸಿಕೊಂಡು ವಿವರಿಸತೊಡಗಿದೆವು. ಈ ಬೆಟ್ಟ ಹುಟ್ಟಿದ್ದೇ ನೀರಿನಲ್ಲಿ. ಹೊಳೆಗಳು ತಂದು ಹರಡಿದ ಮರಳು ಪದರುಪದರಾಗಿ ಕುಳಿತು ಗಟ್ಟಿಯಾಯಿತು. ಅದರ ಅಡಿಯಲ್ಲಿರುವುದು ಇನ್ನೂ ಪುರಾತನವಾದ ಗ್ರಾನೈಟಿನಂತಹ ಶಿಲೆ. ಆದುದರಿಂದ ಇಳಕಲ್ಲಿನವರು ಬಾದಾಮಿಯವರಿಗೆ ಅಡಿಪಾಯ, ಎಂದೆಲ್ಲ ಹೇಳಿದೆವು. ಎಲ್ಲರೂ ನಕ್ಕರು. ಕೆಂಪು ಸೆರಗೂ ಬಂದು ಸೇರಿತು. ಇನ್ನು ಹೊರಡೋಣವೆಂದು ತಲೆ ಎಣಿಸಿದೆವು. 30 ಆಯಿತು. ಮತ್ತೆ ಎಣಿಸಿದೆವು. ನಮ್ಮನ್ನು ಎಣಿಸಲು ಮರೆತೆವೇನೋ ಎಂದುಕೊಂಡು ಸೇರಿಸಿ ಎಣಿಸಿದರೂ 30.

ಯಾರಿಲ್ಲವೆಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ಆ ಒಂದು ನಿಮಿಷ ನಮ್ಮನ್ನು ಈಗಲೂ ಚುಚ್ಚುತ್ತದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹುಡುಗಿಯೊಬ್ಬಳು, "ಕಾಕಾ ಎಲ್ಲಿ?" ಎಂದಳು. ಮುದಗಲ್ಲಿನ ತಾಯಿಯ ಮುಖ ಬಿಳಿಚಿತು. ಕಾಕಾ ಮುಂದೆ ಹೋಗಿರಬೇಕೆಂದು ಅವರು ತಿಳಿದಿದ್ದರು. ಹಿಂದೆ ಬರುತ್ತಿರಬೇಕೆಂದು ಮುಂದಿನವರು ತಿಳಿದಿದ್ದರು. ಕೊನೆಯವರ ಹಿಂದೆಯೂ ಒಬ್ಬರಿರಬಹುದೆಂಬುದು ನಮ್ಮ ನಿಯಮಕ್ಕೆ ಹೊಳೆದಿರಲಿಲ್ಲ. ಪಾಚಿಗಟ್ಟಿದ ಬಂಡೆ, ತುಂಬಿದ ಕೆರೆ, 74ರ ವಯಸ್ಸು! ಅವರ ಮಗನಿಗೆ ಏನೆಂದು ಹೇಳುವುದು? ಕೂಗಿದೆವು. ಬಂಡೆಗಳು ನಮ್ಮ ಕೂಗನ್ನೇ ನಮಗೆ ಹಿಂದಿರುಗಿಸಿದವು. ಫೋನು ಮಾಡಿದರೆ ಅವರ ಫೋನು ಸಿಸ್ಟರ ಕೈಚೀಲದಲ್ಲಿ ರಿಂಗಾಯಿತು. ನೀರು ತಗಲೀತೆಂದು ಧಾರೆಯ ಬಳಿ ಅವರ ಕೈಗೆ ಕೊಟ್ಟಿದ್ದರು.

ತುಸು ದೂರದಲ್ಲಿ ಒಬ್ಬ ಹುಡುಗ ಕುರಿ ಮೇಯಿಸುತ್ತಿದ್ದ. ಹನ್ನೆರಡು ಹದಿಮೂರು ವರ್ಷವಿರಬಹುದು, ಹೆಗಲಮೇಲೆ ಕಂಬಳಿ. ನಮ್ಮ ಗದ್ದಲ ಕೇಳಿ ಬಳಿಗೆ ಬಂದ. "ಮುದುಕಪ್ಪನ್ನ ಹುಡುಕಾಕತ್ತೀರೇನ್ರಿ? ಬಿಳಿ ಟೊಪಗಿ? ಅಂವ ಮ್ಯಾಲ ಬಂದss ಇಲ್ಲ. ನೀವು ಹತ್ತೂವಾಗ ನಾ ನೋಡೀನಿ, ಅಂವ ಗುಡಿ ಕಡೆ ತಿರುಗಿದ" ಎಂದ. ನಮ್ಮ ಜೀವಕ್ಕೆ ಜೀವ ಬಂದಿತು. ಅಷ್ಟು ದೂರದಿಂದ ನೆನಪಿಟ್ಟೆಯಲ್ಲ, ನಿನ್ನ ಕುರಿಗಳನ್ನು ದಿನಕ್ಕೆ ಎಷ್ಟು ಸಲ ಎಣಿಸುತ್ತೀಯಪ್ಪ ಎಂದು ಕೇಳಿದೆವು. ಅವನಿಗೆ ನಗೆ ಬಂತು. "ಎಣಿಸೂದಿಲ್ರಿ. ಎಣಿಸಿದ್ರ ಒಂದು ಕಮ್ಮಿ ಅನ್ನೂದು ಅಷ್ಟ ಗೊತ್ತಾಗತೈತಿ. ಮಾರಿ ನೋಡಿದ್ರ ಯಾವುದಿಲ್ಲ ಅನ್ನೂದು ಗೊತ್ತಾಗತೈತಿ."

ವಾಚಕರು ಕ್ಷಮಿಸಬೇಕು, ಇಲ್ಲಿ ಸೆಮಿನರಿಯ ಒಂದು ಮಾತನ್ನು ಎತ್ತದೆ ಮುಂದೆ ಹೋಗಲಾರೆವು. ಒಂದೇ ಜಾತಿಯ ಎರಡು ವಸ್ತುಗಳನ್ನು ಬೇರೆಬೇರೆಯಾಗಿಸುವುದು ಯಾವುದು ಎಂಬ ಪ್ರಶ್ನೆ ಮಧ್ಯಯುಗದ ದಾರ್ಶನಿಕರನ್ನು ಬಹಳ ಕಾಡಿತ್ತು. ಅಳತೆಗೆ ಸಿಗುವ ದ್ರವ್ಯವೇ ಅವನ್ನು ಬೇರ್ಪಡಿಸುತ್ತದೆಂದು ಸಂತ ತೋಮಸ್ ಅಕ್ವಿನಾಸರು ಹೇಳಿದರು. ಅದು ಸಾಲದು, ಪ್ರತಿಯೊಂದಕ್ಕೂ ತನ್ನದೇ ಆದ 'ಇದುತನ'ವೊಂದಿದೆ ಎಂದರು ಫ್ರಾನ್ಸಿಸ್ಕನ್ ಸಭೆಯ ಡನ್ಸ್ ಸ್ಕೋಟಸರು. ಪರೀಕ್ಷೆಯಲ್ಲಿ ನಾವು ತೋಮಸರ ಪಕ್ಷ ವಹಿಸಿ ಒಳ್ಳೆಯ ಅಂಕ ಪಡೆದಿದ್ದೆವು. ಬಾದಾಮಿಯ ಗುಡ್ಡದ ಮೇಲೆ ಆ ಕುರಿಗಾಹಿ ಹುಡುಗ ಸ್ಕೋಟಸರ ಕಡೆ ವಾಲಿದ.

ಗುಂಪನ್ನು ಸಿಸ್ಟರ ವಶಕ್ಕೊಪ್ಪಿಸಿ, ಮಹಾಕೂಟದತ್ತ ನಿಧಾನ ಸಾಗುವಂತೆ ಹೇಳಿ, ಇಳಕಲ್ಲಿನ ತಮ್ಮನೊಡನೆ ಬಂದ ದಾರಿಯಲ್ಲಿಯೇ ಇಳಿದೆವು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿಹೋದ ಕುರುಬನ ಸಾಮತಿಯನ್ನು ಎಷ್ಟು ಸಲ ಬೋಧಿಸಿದ್ದೇವೋ ಲೆಕ್ಕವಿಲ್ಲ. ಆ ಕುರುಬ ತನ್ನ ಕುರಿ ತಪ್ಪಿಸಿಕೊಂಡ ಹೊತ್ತಿನಲ್ಲಿ ಅಲೆಗಳ ಗುರುತಿನ ಮೇಲೆ ಉಪನ್ಯಾಸ ಮಾಡುತ್ತಿದ್ದನೆಂದು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ.

ಭೂತನಾಥನ ಗುಡಿಯ ಮೆಟ್ಟಿಲ ಮೇಲೆ ಕಾಕಾ ಕುಳಿತಿದ್ದರು. ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಪಾದಗಳನ್ನು ನೀರಿನಲ್ಲಿ ಇಳಿಬಿಟ್ಟು, ಜಲಧಾರೆಯ ಕಡೆಗೆ ಕಿವಿಗೊಟ್ಟಿದ್ದರು. ನಮ್ಮನ್ನು ಕಂಡು ತಪ್ಪಿತಸ್ಥರಂತೆ ಎದ್ದುನಿಲ್ಲಹೋದರು. ಕೋಪ ಮಾಡಿಕೊಳ್ಳುವುದಕ್ಕೆಂದು ಬಂದ ನಾವು ಸುಮ್ಮನೆ ಪಕ್ಕದಲ್ಲಿ ಕುಳಿತೆವು. ಬಹಳ ಹೊತ್ತಿನ ಮೇಲೆ ಅವರೇ ಮಾತು ತೆಗೆದರು.

"ಸಪ್ಪಳ ಕೇಳಾಕ ಕುಂತಿದ್ನಿರಿ, ಫಾದರ್. ಕೇಳಾಕ ಚೊಲೊ ಅನಸ್ತು. ನಮ್ಮ ಮನಿಗಿ ನೀರು ಬಂದಾಗ ಸಪ್ಪಳನ ಇರಲಿಲ್ರಿ."

ನಾವು ಸುಮ್ಮನಿದ್ದೆವು.

"ಸಂಜೀಕ ಹಿತ್ತಲದಾಗ ಇತ್ತು. ಮುಂಜಾನೆ ಎದ್ದು ನೋಡಿದ್ರ ಹೊಸ್ತಿಲಕ್ಕ ಬಂದು ನಿಂತಿತ್ತು. ಬೀಗರು ಬಂದಾಂಗ. ಒದರಲಿಲ್ಲ, ಹರೀಲಿಲ್ಲ. ಹೊಳಿ ಅಂದ್ರ ಹರೀಬೇಕಲ್ರಿ?"

1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿದ್ದಾಗ ಕಾಕಾ ಶಾಲೆಯ ಹುಡುಗ. ಅಣೆಕಟ್ಟು ಎದ್ದು ನೀರು ಬರುವಷ್ಟರಲ್ಲಿ ಐವತ್ತರ ಸಮೀಪಕ್ಕೆ ಬಂದಿದ್ದರು. ಅಷ್ಟು ವರ್ಷ, ಬರುತ್ತದಂತೆ ಬರುತ್ತದಂತೆ ಎಂಬ ಮಾತಿನ ನಡುವೆಯೇ ಮನೆಗೆ ಸುಣ್ಣ ಬಳಿದರು, ತೊಲೆ ಬದಲಿಸಿದರು, ತಂಗಿಯ ಮದುವೆ ಮಾಡಿದರು. ಮುಳುಗುವ ಮನೆಗೆ ಏಕೆ ಖರ್ಚು ಮಾಡುತ್ತೀರೆಂದು ಜನ ಕೇಳುತ್ತಿದ್ದರಂತೆ. ಮುಳುಗುವತನಕ ಅದು ಮನೆಯೇ ಅಲ್ಲವೇ ಎಂದು ಇವರ ತಾಯಿ ಹೇಳುತ್ತಿದ್ದರಂತೆ. ಇದನ್ನೆಲ್ಲ ನಾವು ಮೊದಲ ಸಲ ಕೇಳಿದುದು ಆ ಮೆಟ್ಟಿಲ ಮೇಲೆ. ಆರು ವರ್ಷಗಳಿಂದ ಅವರು ಪ್ರತಿ ಭಾನುವಾರ ನಮ್ಮೆದುರು ಎರಡನೆಯ ಬೆಂಚಿನಲ್ಲಿ ಕೂರುತ್ತಾರೆ.

"ಗಾಡ್ಯಾಗ ಅವರು ರೊಕ್ಕದ ಮಾತು ಆಡಾಕತ್ತಿದ್ರು. ತಪ್ಪಲ್ರಿ, ರೊಕ್ಕ ಬೇಕು" ಎಂದರು ಕಾಕಾ. ಆಮೇಲೆ ಬೀಳುತ್ತಿದ್ದ ನೀರಿನ ಕಡೆಗೆ ಕೈ ತೋರಿಸಿ, "ಆದ್ರ ಈ ನೀರು ಆ ನೀರಲ್ರಿ. ಇದರ ಮ್ಯಾಲ ನನಗ ಸಿಟ್ಟಿಲ್ಲ" ಎಂದರು.

ಅವರ ಭೂಗೋಳ ಖಚಿತವಾಗಿತ್ತು. ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಳುಗಿಸಿದುದು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಒತ್ತಿ ಬಂದ ಆಲಮಟ್ಟಿಯ ನೀರು. ಬಾದಾಮಿಯ ಬೆಟ್ಟದ ನೀರು ಮಲಪ್ರಭೆಗೆ ಸೇರಿ, ಪಟ್ಟದಕಲ್ಲು ಐಹೊಳೆಗಳನ್ನು ಹಾದು, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದು ಆಲಮಟ್ಟಿಯಿಂದ ಕೆಳಗಿನ ಜಾಗ. ಮಲಪ್ರಭೆ ಸಾಧುವೆಂದು ಹೇಳುತ್ತಿಲ್ಲ. 2019ರ ಆಗಸ್ಟಿನಲ್ಲಿ ಅದು ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಕೂಡಲಸಂಗಮದಲ್ಲಿಯೂ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಕಾಪಾಡಲು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಆದರೂ ಕಾಕಾನ ಹೊಸ್ತಿಲಿಗೆ ಬಂದ ನೀರು ಇದಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅವರು ಹೊಳೆಯ ದಂಡೆಗೆ ಹೋಗಿರಲಿಲ್ಲವಂತೆ. ಇಂದು ಪಾದ ಇಳಿಬಿಡುವ ಮುಂಚೆ ಮನಸ್ಸಿನಲ್ಲಿಯೇ ನಕಾಶೆ ಬಿಡಿಸಿ ನೋಡಿದರಂತೆ.

ಆ ದಿನದ ಪ್ರಬೋಧನೆಗೆ ನಾವು ಸಿದ್ಧಮಾಡಿದ್ದುದು ಪ್ರವಾದಿ ಎಲೀಯನು ಕೆರೀತ್ ಹಳ್ಳದ ಬದಿಯಲ್ಲಿ ಅಡಗಿದ್ದ ಪ್ರಸಂಗ. ಕಾಗೆಗಳು ತಂದ ಆಹಾರ ತಿಂದು, ಹಳ್ಳದ ನೀರು ಕುಡಿದು ಅವನು ಬದುಕಿದ. ಮಳೆಯಿಲ್ಲದೆ ಹಳ್ಳ ಬತ್ತಿದಾಗ ದೇವರು ಅವನನ್ನು ಮುಂದಕ್ಕೆ ಕಳುಹಿಸಿದರು. ಅಕ್ಕ-ತಂಗಿಯರ ಧಾರೆಯೂ ಬತ್ತುವುದೇ ಆದುದರಿಂದ ಹೋಲಿಕೆ ಸೊಗಸಾಗಿದೆಯೆಂದು ನಮಗೆ ಹೆಮ್ಮೆ ಇತ್ತು. ಬತ್ತುವ ನೀರಿನ ಬಗ್ಗೆ ಪವಿತ್ರ ಗ್ರಂಥದಲ್ಲಿ ಬೇಕಾದಷ್ಟಿದೆ. ಏರಿ ನಿಲ್ಲುವ ನೀರಿಗೆ ನೋವನ ಕಥೆ ಇದೆ. ಅಲ್ಲಿಯೂ ಕೊನೆಗೆ ನೀರು ಇಳಿಯುತ್ತದೆ, ನೆಲ ಕಾಣುತ್ತದೆ. ಏರಿ, ಇಳಿಯದೆ, ಇನ್ನೂ ನಾಲ್ಕೂವರೆ ಮೀಟರು ಏರುತ್ತೇನೆಂದು ಹೇಳುವ ನೀರಿನ ಮುಂದೆ ಯಾವ ಅಧ್ಯಾಯ ಓದಬೇಕು? ಅಣೆಕಟ್ಟಿನಿಂದ ಹಸಿರಾದ ಹೊಲಗಳನ್ನೂ ನಾವು ಬಲ್ಲೆವು. ಆ ಹೊಲದ ಅನ್ನವನ್ನೇ ಉಣ್ಣುತ್ತೇವೆ. ಅದರಿಂದ ಪ್ರಶ್ನೆ ಸುಲಭವಾಗುವುದಿಲ್ಲ. ಪ್ರಬೋಧನೆಯ ಚೀಟಿಯನ್ನು ಜೇಬಿನಲ್ಲಿಯೇ ಬಿಟ್ಟೆವು.

ಇಳಕಲ್ಲಿನ ತಮ್ಮ ಒಂದು ಗಾಡಿಯನ್ನು ಮರಳಿ ಕರೆಸಿದ. ಕಾಕಾನೊಡನೆ ನಾವು ರಸ್ತೆಯ ಮೇಲೆ ಸುತ್ತಿ ಮಹಾಕೂಟ ಸೇರುವ ಹೊತ್ತಿಗೆ ನಡೆದುಬಂದವರು ಅರಳಿ ಆಲಗಳ ನೆರಳಿನಲ್ಲಿ ಮೈಚಾಚಿದ್ದರು. ನಮ್ಮನ್ನು ಕಂಡೊಡನೆ ಹುಡುಗರು ಕಾಕಾನನ್ನು ಹೊತ್ತುಕೊಂಡೇ ಬಂದರು. ಮುದಗಲ್ಲಿನ ತಾಯಿ ಅವರನ್ನು ಚೆನ್ನಾಗಿ ಬಯ್ದು, ಬಳಿಕ ಕಣ್ಣೊರೆಸಿಕೊಂಡರು. ನಮಗೆ ಹೇಳಬೇಕಾಗಿದ್ದ ಬೈಗುಳವನ್ನೂ ಅವರಿಗೇ ಹೇಳಿದರೇನೋ ಎಂಬ ಸಂಶಯ ನಮಗಿದೆ.

ದಾರಿಯಲ್ಲಿ ಮಂಗಗಳು ರೊಟ್ಟಿಯ ಬುತ್ತಿಗಳೆರಡನ್ನು ಕಸಿದಿದ್ದವಂತೆ. ಬುಟ್ಟಿ ಹೊತ್ತು ಕುಳಿತ ಹಳ್ಳಿಯ ಹೆಂಗಸರಿಂದ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಂಡೆವು. ಒಬ್ಬ ಅಜ್ಜಿ ನಮ್ಮ ನಿಲುವಂಗಿಯನ್ನು ನೋಡಿ, "ನೀವು ಯಾವ ಮಠದ ಅಪ್ಪಾರ್ರಿ?" ಎಂದು ಕೇಳಿದಳು. ಬಾಗಲಕೋಟೆಯ ಯೇಸುಸ್ವಾಮಿಯ ಗುಡಿಯವರೆಂದು ಸಿಸ್ಟರು ಹೇಳಿದರು. ಅಜ್ಜಿ ತಲೆಯಾಡಿಸಿ ಇನ್ನೊಂದು ರೊಟ್ಟಿ ಹಾಕಿದಳು. ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಮಹಾಕೂಟದ ಪುಷ್ಕರಿಣಿ ಬೇಸಿಗೆಯಲ್ಲಿಯೂ ಬತ್ತದ ಬುಗ್ಗೆಯಿಂದ ತುಂಬುತ್ತದೆ. ಮಂಗಲೇಶನು ಇಲ್ಲಿ ನಿಲ್ಲಿಸಿದ ಶಾಸನದ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಬುಗ್ಗೆಯನ್ನು ಯಾರೂ ಎತ್ತಿಕೊಂಡು ಹೋಗಲಾಗಿಲ್ಲ. ಊರಿನ ಹುಡುಗರು ದಡದಿಂದ ಜಿಗಿದು ಈಜುತ್ತಿದ್ದರು. ನಮ್ಮ ಹುಡುಗರು ನಮ್ಮ ಮುಖ ನೋಡಿದರು. ಇದು ಇಲ್ಲಿಯವರಿಗೆ ತೀರ್ಥ. ಕೇಳಿ ಇಳಿಯಿರಿ, ಗದ್ದಲ ಮಾಡಬೇಡಿರಿ ಎಂದೆವು. ಕೇಳಿದರು, ಇಳಿದರು, ಗದ್ದಲ ಮಾಡಿದರು. ಸಿಡ್ಲಫಡಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಸಂಜೆ ನಾಲ್ಕಕ್ಕೆ ಮರದಡಿಯಲ್ಲಿ ಜಪಸರ ಹೇಳಿ ಮುಗಿಸಿದೆವು. ಹೊರಡುವ ಮುನ್ನ ಎಣಿಸಲಿಲ್ಲ. ಗಾಡಿಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಹೆಸರು ಹಿಡಿದು ಹತ್ತಿಸಿಕೊಂಡೆವು. ಎಂಟು ಜನರ ಹೆಸರು ನಮಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆವು.

ನವನಗರದಲ್ಲಿ ಕಾಕಾನ ಸೆಕ್ಟರು ಬಂದಾಗ ಕತ್ತಲಾಗಿತ್ತು. ಇಳಿದವರು ಎರಡು ಹೆಜ್ಜೆ ಹೋಗಿ ಮರಳಿ ಕಿಟಕಿಯ ಬಳಿ ಬಂದರು.

"ಫಾದರ್, ಬ್ಯಾಸಿಗ್ಯಾಗ ಹಿನ್ನೀರು ಇಳೀತೈತಿ. ಆವಾಗ ನಮ್ಮ ಓಣಿ ಕಾಣತೈತ್ರಿ. ಗ್ವಾಡಿ ಇಲ್ಲ, ಬುನಾದಿ ಅದಾವು. ಈ ಹುಡುಗರಿಗೆ ತೋರಸೂಣೇನ್ರಿ? ನಡಕೋತ ಹೋಗಬಹುದು. ಗುಡ್ಡ ಹತ್ತೂದೇನಿಲ್ಲ."

ಮಾರನೆಯ ಬೆಳಿಗ್ಗೆ ಬಲಿಪೂಜೆಗೆ ಮುಂಚೆ ದಿನಚರಿಯಲ್ಲಿ ಮೇ ತಿಂಗಳ ಪುಟ ತೆರೆದು ಮೊದಲ ಶನಿವಾರಕ್ಕೆ ಗುರುತು ಹಾಕಿದೆವು. ಓಣಿಯ ಹೆಸರು ಬರೆಯಹೋದರೆ ನೆನಪಾಗಲಿಲ್ಲ. ಎರಡನೆಯ ಬೆಂಚಿನ ಬಳಿಗೆ ಹೋಗಿ ಕೇಳಿ ಬರೆದುಕೊಂಡೆವು.